ಉಪಸಚಿವರ ಉತ್ತರ

ಪುತ್ತೂರು, 11 ಜೂನ್ 1981, ಗುರುವಾರ

ಮಧ್ಯಾಹ್ನದ ಮೊದಲ ಪೀರಿಯಡ್ ಮುಗಿಸಿ ಹೊರಗೆ ಬಂದರೆ ಶಾಲೆಯ ಮೆಟ್ಟಿಲ ಹತ್ತಿರ ಕುಂಞಿ ಮೋನು ನಿಂತಿದ್ದರು. ಕುಂಬ್ರದಲ್ಲಿ ಅಂಗಡಿ ಇಟ್ಟುಕೊಂಡಿರುವ ಈ ಮನುಷ್ಯ ನಮ್ಮ ಮನೆಯವರ ಚುನಾವಣೆಗೆ ತನ್ನ ಜೀಪು ಬಿಟ್ಟುಕೊಟ್ಟು, ತಾನೇ ಓಡಿಸಿಕೊಂಡು ಊರೂರು ತಿರುಗಿದವರು. ಶಾಲೆಯ ತನಕ ಬಂದದ್ದು ನೋಡಿ ಏನಾಯಿತೋ ಎಂದು ಓಡಿ ಇಳಿದೆ.

"ಹೆದರ್ಬೇಡಿ ಟೀಚರೇ, ಒಳ್ಳೆ ಸುದ್ದಿಯೇ. ಬೆಂಗಳೂರಿಂದ ನನ್ನ ಅಂಗಡಿಗೆ ಫೋನು ಬಂದಿತ್ತು. ವಕೀಲರು ನಾಳೆ ನಾಲ್ಕು ಗಂಟೆಗೆ ರಾಜಭವನದಲ್ಲಿ ಇರ್ಬೇಕಂತೆ."

ಇವರು ಕೋರ್ಟಿನಲ್ಲಿದ್ದರು. ಚೀಟಿ ಕಳಿಸಿದರೂ ಎದ್ದು ಬರಲಿಲ್ಲವಂತೆ. ಗೇಣಿದಾರನೊಬ್ಬನ ಅಪೀಲು, ವಾದ ಪೂರ್ತಿ ಮಾಡಿಯೇ ಬಂದರು. ಕಪ್ಪು ಕೋಟು ಕಳಚಿ ನನ್ನ ಕೈಗೆ ಕೊಟ್ಟು, "ಇದನ್ನು ಇನ್ನು ಹಾಕ್ಲಿಕ್ಕಿಲ್ಲ ವಸುಮತಿ" ಎಂದರು. ಮಂತ್ರಿಯಾದವರು ವಕೀಲಿ ಮಾಡುವ ಹಾಗಿಲ್ಲ. ಅದು ನನಗೆ ಆಗ ಹೊಳೆದಿರಲೇ ಇಲ್ಲ.

"ಯಾವ ಖಾತೆ?" ಎಂದು ಕೇಳಿದೆ.

"ಅದು ಈಗ ಗೊತ್ತಾಗುದಿಲ್ಲ. ಮೊದಲು ಪ್ರಮಾಣ, ಆಮೇಲೆ ಖಾತೆ. ಮಕ್ಕಳಿಗೆ ಪಾಠ ಮಾಡುವವಳು ನೀನು, ನನ್ನ ಹತ್ತಿರ ಕೇಳ್ತಿಯಲ್ಲ!"

ಐದು ಗಂಟೆಗೆ ಕುಂಞಿ ಮೋನು ಇವರನ್ನು ಕೂರಿಸಿಕೊಂಡು ಜೀಪು ಹೊರಡಿಸಿದರು. ಸುಳ್ಯ, ಸಂಪಾಜೆ, ಮಡಿಕೇರಿ ದಾಟಿ ಬೆಳಗಾಗುವುದರೊಳಗೆ ಮೈಸೂರು ಸೇರಬೇಕು. ಘಟ್ಟದಲ್ಲಿ ಮಳೆ ಹಿಡಿಯದಿದ್ದರೆ ಸಾಕು.

12 ಜೂನ್, ಶುಕ್ರವಾರ

ರೇಡಿಯೋದ ಮುಂದೆ ನೆರೆಕರೆಯವರೆಲ್ಲ ಸೇರಿದ್ದರು. ಮೊದಲು ಸಂಪುಟ ದರ್ಜೆಯವರ ಹೆಸರು, ಆಮೇಲೆ ರಾಜ್ಯ ಸಚಿವರು. ಇವರ ಹೆಸರು ಬರಲಿಲ್ಲ. ಇನ್ನು ಇಲ್ಲವೆಂದು ನಾನು ಎದ್ದು ನಿಂತಾಗ, ಕೊನೆಯಲ್ಲಿ ನಾಲ್ವರು ಉಪಸಚಿವರು, ಅವರಲ್ಲಿ ನಾಲ್ಕನೆಯವರಾಗಿ ಇವರು.

ಬೆಂಗಳೂರಿನಿಂದ ಮರಳಿದ ಮೇಲೆ ಕುಂಞಿ ಮೋನು ಇದರ ಅರ್ಥ ಕೇಳಿಯೇ ಕೇಳುತ್ತಾರೆಂದು ಗೊತ್ತಿತ್ತು. ಆದರೆ ಮೊದಲು ಕೇಳಿದ್ದು ಎದುರು ಮನೆಯ ಕಿಟ್ಟಣ್ಣ: "ಉಪ ಅಂದ್ರೆ ಎಂತ ಟೀಚರೇ?"

ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದೆ. ಮುಖ್ಯಮಂತ್ರಿಗಳ ಜೊತೆ ಕೂತು ನಿರ್ಧಾರ ಮಾಡುವವರು ಸಂಪುಟದ ಸಚಿವರು. ರಾಜ್ಯ ಸಚಿವರು ಒಂದು ಮೆಟ್ಟಿಲು ಕೆಳಗೆ. ಉಪಸಚಿವರೆಂದರೆ ಒಬ್ಬ ಸಚಿವರಿಗೆ ಸಹಾಯಕ್ಕೆ ಇರುವವರು.

"ಸಭೆಗೆ ಹೋಗ್ಲಿಕ್ಕೆ ಇಲ್ವಾ ಹಾಗಾದ್ರೆ?"

"ಇಲ್ಲ."

"ಸಭೆ ಮಾಡಿದ ತೀರ್ಮಾನ ಇವರು ಒಪ್ಪಬೇಕಾ?"

"ಒಪ್ಪಲೇಬೇಕು. ಸಾಮೂಹಿಕ ಹೊಣೆ."

"ಇದೊಳ್ಳೆ ಕತೆ ಮಾರಾಯ್ರೆ" ಎಂದು ಕಿಟ್ಟಣ್ಣ ನಕ್ಕರು. ನಾನೂ ನಕ್ಕೆ. ನಾಳೆ ಶಾಲೆಗೆ ಎಂದಿನ ಬಸ್ಸಿನಲ್ಲೇ ಹೋಗುವುದು, ಯಾರ ಬಾಯಿಗೂ ತುತ್ತಾಗಬಾರದು.

21 ಜೂನ್, ಭಾನುವಾರ

ಆರೋಗ್ಯ ಇಲಾಖೆಯೆಂದು ಮೊನ್ನೆ ಕಾಗದ ಬಂತು. ಅದು ಪೇಪರಿನಲ್ಲಿ ಬಂದದ್ದೇ ತಡ, ಇವತ್ತು ಬೆಳಿಗ್ಗೆ ಕಡಬದಿಂದ ಅಕ್ಕು ಬಂದಿದ್ದಳು. ಎರಡು ಬಸ್ಸು ಬದಲಿಸಿ, ಸೆರಗಿನ ತುದಿಯಿಂದ ನೀರು ಹಿಂಡುತ್ತ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಡಬದ ಶಾಲೆಯಲ್ಲಿ ಐದು ವರ್ಷ ಇದ್ದೆ. ಅಕ್ಕು ಹೊಳೆಯಾಚೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವವಳು. ಅವಳ ಮಗಳು ಸುಂದರಿ ನನ್ನ ಕೈಯಲ್ಲಿ ಓದಿದವಳು. ಭೂಪಟ ಬಿಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನಾಲ್ಕು ವರ್ಷದ ಹಿಂದೆ ಆಷಾಢದಲ್ಲಿ ಅವಳಿಗೆ ಚೊಚ್ಚಲ ಹೆರಿಗೆ. ನೂರಾರು ಮಕ್ಕಳನ್ನು ಭೂಮಿಗೆ ತಂದ ಅಕ್ಕುವಿಗೆ ಸ್ವಂತ ಮಗಳ ಮಗು ಅಡ್ಡ ಬಂದದ್ದು ಕೈಗೆ ಗೊತ್ತಾಯಿತು, ತಿರುಗಿಸಲಿಕ್ಕಾಗಲಿಲ್ಲ. ಹೊಳೆ ದಾಟಿಸಿ, ಜೀಪು ಹುಡುಕಿ, ಪುತ್ತೂರಿಗೆ ಹೊರಟು ಅರ್ಧ ದಾರಿಯಲ್ಲಿ ಎಲ್ಲ ಮುಗಿಯಿತು. ಚುನಾವಣೆಯ ಸಮಯ ಇವರು ಅವಳ ಅಂಗಳದಲ್ಲಿ ಕೂತು ಹೇಳಿ ಬಂದಿದ್ದರು, ಗೆದ್ದರೆ ಕಡಬಕ್ಕೆ ಒಂದು ಹೆರಿಗೆ ಆಸ್ಪತ್ರೆ ತರುತ್ತೇನೆ ಎಂದು. ನಾನು ಪಕ್ಕದಲ್ಲೇ ಇದ್ದೆ.

ಅಡುಗೆಮನೆಯಲ್ಲಿ ಒಲೆಯ ಹತ್ತಿರ ಕೂರಿಸಿ ಕಾಫಿ ಕೊಟ್ಟೆ.

"ನನಗೆ ದೊಡ್ಡ ಕಟ್ಟಡ ಬೇಡ ಟೀಚರಮ್ಮ. ಆರು ಮಂಚ, ಒಬ್ಬಳು ಡಾಕ್ಟ್ರಮ್ಮ. ಅಷ್ಟಿದ್ರೆ ಸಾಕು. ನನ್ನ ಕೈ ಸೋತಲ್ಲಿಂದ ಮುಂದೆ ಅವರು ನೋಡ್ಲಿ."

ಇವರು ಬಂದ ಕೂಡಲೇ ಹೇಳುತ್ತೇನೆ ಎಂದೆ. ಹೋಗುವಾಗ ನನ್ನ ಒಂದು ಒಣ ಸೀರೆ ಉಡಿಸಿ ಕಳಿಸಿದೆ.

19 ಜುಲೈ, ಭಾನುವಾರ

ಇವರು ಬಂದು ಹೋದರು. ಸಪ್ಪಗಿದ್ದರು. ವಿಧಾನಸೌಧದಲ್ಲಿ ಒಂದು ಕೋಣೆ, ಒಂದು ಕಾರು, ಇಬ್ಬರು ಗುಮಾಸ್ತರು, ಮೇಜಿನ ಮೇಲೊಂದು ಗಂಟೆ. "ಗಂಟೆ ಒತ್ತಿದ್ರೆ ಚಾ ಬರ್ತದೆ. ಫೈಲು ಬರುದಿಲ್ಲ" ಎಂದರು. ಕಡತಗಳೆಲ್ಲ ಕಾರ್ಯದರ್ಶಿಯ ಮೇಜಿನಿಂದ ನೇರ ಸಚಿವರ ಮೇಜಿಗೆ ಹೋಗುತ್ತವಂತೆ. ಇವರ ಪಾಲಿಗೆ ಬರುವುದು ಉದ್ಘಾಟನೆ ಮತ್ತು ಸಚಿವರಿಗೆ ಪುರುಸೊತ್ತಿಲ್ಲದ ಸಮಾರಂಭಗಳು.

ಆದರೂ ಕಡಬದ ವಿಷಯ ಬರೆದು ಸ್ವತಃ ಒಯ್ದು ಕೊಟ್ಟಿದ್ದಾರೆ. ಸಚಿವರು ಒಳ್ಳೆಯ ಮನುಷ್ಯರಂತೆ. ರಾಜ್ಯಕ್ಕೆ ಹನ್ನೆರಡು ಹೊಸ ಹೆರಿಗೆ ಆಸ್ಪತ್ರೆಗಳ ಪಟ್ಟಿ ಮಾಡಿಸುತ್ತಿದ್ದಾರೆ, ಅದರಲ್ಲಿ ಒಂಬತ್ತನೆಯದು ಕಡಬ. ಇನ್ನು ಹಣಕಾಸು ಇಲಾಖೆ ಒಪ್ಪಬೇಕು, ಸಂಪುಟ ಒಪ್ಪಬೇಕು.

ಅಕ್ಕುವಿಗೆ ಕಾರ್ಡು ಬರೆದು ಹಾಕಿದೆ.

ಮನೆಗೆ ಟೆಲಿಫೋನು ಬಂತು. ಅರ್ಜಿ ಹಾಕಿ ಆರು ವರ್ಷ ಕಾದವರುಂಟು. ನಮಗೆ ಆರು ದಿನ ಸಾಕಾಯಿತು.

15 ಆಗಸ್ಟ್, ಶನಿವಾರ

ಸುಳ್ಯದಲ್ಲಿ ಇವರಿಂದ ಧ್ವಜಾರೋಹಣ. ನನ್ನನ್ನೂ ಕರೆದುಕೊಂಡು ಹೋದರು. ಚಾಲಕ ದೇವದಾಸ ಕಾರಿನ ಬಾಗಿಲು ತೆಗೆದು ಹಿಡಿದಾಗ ನಾಚಿಕೆಯಾಯಿತು, ನಾನೇ ತೆಗೆಯುತ್ತೇನಪ್ಪ ಎಂದೆ. ಮುಂದಿನ ಸಾಲಿನಲ್ಲಿ ಕುರ್ಚಿ. ತಹಶೀಲ್ದಾರರ ಹೆಂಡತಿ ನನಗೆ ಹೂ ಕೊಟ್ಟರು. ಮರಳುವಾಗ ಅಜ್ಜಾವರದ ಕಡೆಯಿಂದ ಬಂದವರು ರಸ್ತೆಯ ಬದಿಯಲ್ಲಿ ನಿಂತು ಕೈಮುಗಿದರು. ಇವರು ಕಾರು ನಿಲ್ಲಿಸಿ ಇಳಿದು ಮಾತಾಡಿದರು. ಹೊತ್ತಾಗುತ್ತದೆಂದು ನಾನು ಇಳಿಯಲಿಲ್ಲ.

20 ನವೆಂಬರ್, ಶುಕ್ರವಾರ

ಬರೆಯದೆ ಮೂರು ತಿಂಗಳಾಯಿತು. ಬಂದವರನ್ನು ಮಾತಾಡಿಸಿ ಕಳಿಸುವುದರಲ್ಲೇ ದಿನ ಮುಗಿಯುತ್ತದೆ.

ಇವತ್ತು ಶಾಲಾ ವಾರ್ಷಿಕೋತ್ಸವ. ನಮ್ಮ ಮನೆಯ ಸಚಿವರೇ ಮುಖ್ಯ ಅತಿಥಿ. ಮುಖ್ಯೋಪಾಧ್ಯಾಯಿನಿ ಶಂಕರಿ ಟೀಚರು ನನ್ನನ್ನು ಉಳಿದ ಶಿಕ್ಷಕಿಯರ ಜೊತೆ ಬದಿಯ ಬೆಂಚಿನಲ್ಲಿ ಕೂರಿಸಿದರು. ನಾನೇನೂ ಹೇಳಲಿಲ್ಲ. ಆದರೆ ಇಷ್ಟು ವರ್ಷ ಶಾಲೆ ನಡೆಸಿದವರಿಗೆ ಇಷ್ಟು ರೀತಿ ರಿವಾಜು ತಿಳಿಯದೆ? ಸ್ವಾಗತ ಭಾಷಣದಲ್ಲಿ "ಉಪಸಚಿವರು" ಎಂದು ಮೂರು ಮೂರು ಸಲ ಹೇಳಿದರು. ಎಲ್ಲರೂ ಸಚಿವರೆಂದೇ ಹೇಳುವುದು. ಬೇಕೆಂದೇ ಮಾಡಿದ್ದು.

ಸಂಪುಟ ವಿಸ್ತರಣೆಯಾಗುತ್ತದೆಂದು ಮಾತು ಉಂಟು. ನಾಲ್ವರು ಉಪಸಚಿವರಲ್ಲಿ ಇಬ್ಬರನ್ನು ರಾಜ್ಯ ಸಚಿವರಾಗಿ ಮೇಲಕ್ಕೆ ತೆಗೆದುಕೊಳ್ಳುತ್ತಾರಂತೆ. ನಮ್ಮ ಸಚಿವರು ಇದನ್ನೆಲ್ಲ ಕಿವಿಗೆ ಹಾಕಿಕೊಳ್ಳುವುದಿಲ್ಲ. ನನಗೆ ಬಲವಾಗಿ ಅನ್ನಿಸುತ್ತದೆ, ಆ ಇಬ್ಬರಲ್ಲಿ ಇವರೂ ಒಬ್ಬರಾಗಬಹುದು.

12 ಡಿಸೆಂಬರ್, ಶನಿವಾರ

ಮಧ್ಯಾಹ್ನ ಊಟಕ್ಕೆ ಮಂಗಳೂರಿನಿಂದ ಅಧಿಕಾರಿಗಳು ಬರುವವರಿದ್ದರು. ಆ ಗಡಿಬಿಡಿಯಲ್ಲಿ ಕಡಬದ ಆ ಹೆಂಗಸು ಬಂದು ಜಗಲಿಯಲ್ಲಿ ಕೂತಿದ್ದಾಳೆಂದು ದೇವದಾಸ ಬಂದು ಹೇಳಿದ. ಮಂಗಳವಾರ ಬರಲು ಹೇಳು ಎಂದೆ. ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತ.

"ಅವರು ಬೆಳಿಗ್ಗೆ ಏಳಕ್ಕೆ ಬಂದವರು ಅಮ್ಮಾ."

"ನಾನೆಂತ ಮಾಡುದು? ಹೇಳಿ ಬರ್ಬೇಕಿತ್ತು."

ಹೋಳಿಗೆ ಚೆನ್ನಾಗಿ ಬಂದಿತ್ತು. ಅಧಿಕಾರಿಗಳಿಗೆ ಹಿಡಿಸಿತು.

9 ಜನವರಿ 1982, ಶನಿವಾರ

ಹನ್ನೆರಡು ಆಸ್ಪತ್ರೆಗಳನ್ನು ಐದಕ್ಕೆ ಇಳಿಸಿದ್ದಾರೆ. ಗುರುವಾರದ ಸಂಪುಟ ಸಭೆಯಲ್ಲಿ ತೀರ್ಮಾನವಾಯಿತಂತೆ. ಆ ಐದರಲ್ಲಿ ಕಡಬವಿಲ್ಲ. ಐದೂ ಸಭೆಯಲ್ಲಿ ಕೂತವರ ಜಿಲ್ಲೆಗಳಿಗೇ ಹೋಗಿವೆ. ತನ್ನ ಇಲಾಖೆಯ ತೀರ್ಮಾನ ನಮ್ಮ ಸಚಿವರಿಗೆ ಗೊತ್ತಾದದ್ದು ಮರುದಿನ, ತನ್ನ ಗುಮಾಸ್ತ ತಂದುಕೊಟ್ಟ ಪೇಪರು ಓದಿ.

"ನಿಮ್ಮ ಇಲಾಖೆಯ ದೊಡ್ಡ ಸಚಿವರು ಒಂದು ಮಾತು ಹೇಳ್ಲಿಲ್ವಾ?" ಎಂದು ಫೋನಿನಲ್ಲಿ ಕೇಳಿದೆ.

"ಹೇಳಿದ್ರಂತೆ. ಉಳಿದವರು ಕೇಳ್ಲಿಲ್ಲ. ಬಾಗಿಲ ಹೊರಗೆ ಇದ್ದವ ನಾನು, ಒಳಗಿದ್ದವರನ್ನು ಎಂತ ಕೇಳುದು?"

ಬೇಸರದ ಸಂಗತಿಯೇ. ಆದರೆ ಮುಂದಿನ ವರ್ಷ ಉಳಿದ ಏಳು ಆಸ್ಪತ್ರೆಗಳನ್ನು ಕೊಡಬೇಕಲ್ಲ.

2 ಫೆಬ್ರವರಿ, ಮಂಗಳವಾರ

ಬೆಳಿಗ್ಗೆ ಆರೂವರೆಗೆ ಬೆಂಗಳೂರಿನಿಂದ ಇವರ ಕರೆ.

ಅಧಿವೇಶನ ನಡೆಯುತ್ತಿದೆ. ಕಡಬದ ಆಸ್ಪತ್ರೆಯನ್ನು ಯಾಕೆ ಕೈಬಿಟ್ಟಿರಿ ಎಂದು ವಿರೋಧ ಪಕ್ಷದ ಒಬ್ಬ ಸದಸ್ಯರು ಪ್ರಶ್ನೆ ಹಾಕಿದ್ದಾರೆ. ನಾಳೆಯೇ ಉತ್ತರ ಕೊಡಬೇಕು. ಆರೋಗ್ಯ ಸಚಿವರು ಜ್ವರವೆಂದು ಮಲಗಿದ್ದಾರೆ, ಸದನದಲ್ಲಿ ಉತ್ತರ ಓದುವ ಕೆಲಸ ಉಪಸಚಿವರದು. ಉತ್ತರವನ್ನು ಇಲಾಖೆಯವರು ಬರೆದು ಟೈಪು ಮಾಡಿ ಕೊಟ್ಟಾಗಿದೆ.

"ಎಂತ ಬರೆದಿದ್ದಾರೆ?" ಎಂದೆ.

ಓದಿದರು: "ಸದರಿ ಪ್ರದೇಶದಲ್ಲಿ ಪ್ರತ್ಯೇಕ ಹೆರಿಗೆ ಆಸ್ಪತ್ರೆಯ ಅಗತ್ಯ ಕಂಡುಬಂದಿರುವುದಿಲ್ಲ."

ಇನ್ನೊಮ್ಮೆ ಓದಿಸಿ ಕೇಳಿದೆ.

"ಬದಲಿಸ್ಲಿಕ್ಕೆ ಆಗುದಿಲ್ವಾ?"

"ಕೇಳಿದೆ. ಸಂಪುಟದ ತೀರ್ಮಾನ, ಒಂದು ಅಕ್ಷರ ಆಚೀಚೆ ಆಗ್ಲಿಕ್ಕಿಲ್ಲ ಅಂತ ಕಾರ್ಯದರ್ಶಿ ಹೇಳಿದ್ರು. ವಸುಮತೀ, ನಾನು ರಾಜೀನಾಮೆ ಬರೆದು ಇಟ್ಟಿದ್ದೇನೆ. ಕಿಸೆಯಲ್ಲೇ ಉಂಟು. ಇದನ್ನು ಓದುವುದಕ್ಕಿಂತ ಅದನ್ನು ಕೊಟ್ಟು ಬರ್ತೇನೆ. ನೀನೆಂತ ಹೇಳ್ತಿ?"

ನಾನು ಹೇಳಿದ್ದನ್ನು ಇಲ್ಲಿ ಇದ್ದ ಹಾಗೆ ಬರೆದಿಡುತ್ತೇನೆ. ತಪ್ಪೇನೂ ಹೇಳಲಿಲ್ಲ. "ಅದು ನಿಮ್ಮೊಬ್ಬರ ಮಾತಲ್ಲ, ಸರಕಾರದ್ದು. ಸಾಮೂಹಿಕ ಹೊಣೆ ಅಂದ್ರೆ ಅದೇ ಅಲ್ವಾ? ಇವತ್ತು ಬಿಟ್ಟು ಬಂದ್ರೆ ಕಡಬಕ್ಕೆ ಯಾರುಂಟು? ವಿಸ್ತರಣೆ ಆಗುವ ಸಮಯ. ಒಳಗೆ ಹೋಗಿ ಕೂತ್ರೆ ಮುಂದಿನ ವರ್ಷ ಆದ್ರೂ ತರಬಹುದು. ದುಡುಕ್ಬೇಡಿ."

"ಹಾಗಾ?" ಎಂದರು. ಆಮೇಲೆ, "ಸರಿ."

ಟ್ರಂಕ್ ಕಾಲಿನ ಮೂರು ನಿಮಿಷ ಮುಗಿದು ಕರೆ ತುಂಡಾಯಿತು. ಶಾಲೆಗೆ ಹೋದೆ. ಹತ್ತನೆಯ ತರಗತಿಗೆ ಪರೀಕ್ಷೆಯ ತಯಾರಿ ಮಾಡಿಸಿದೆ. ಸರಿಯಾದದ್ದನ್ನೇ ಹೇಳಿದೆನೆಂದು ನನಗೆ ಈಗಲೂ ಅನ್ನಿಸುತ್ತದೆ.

4 ಫೆಬ್ರವರಿ, ಗುರುವಾರ

ಪೇಪರಿನ ಐದನೆಯ ಪುಟದಲ್ಲಿ ಬಂದಿದೆ. ಇವರ ಚಿತ್ರವನ್ನೂ ಹಾಕಿದ್ದಾರೆ. "ಕಡಬಕ್ಕೆ ಹೆರಿಗೆ ಆಸ್ಪತ್ರೆ ಅಗತ್ಯವಿಲ್ಲ: ಉಪಸಚಿವ." ಪ್ರಶ್ನೆ ಕೇಳಿದ ಸದಸ್ಯರು ಎದ್ದು, "ಇದು ತಮ್ಮದೇ ಊರಿನ ಕಡೆಯಲ್ಲವೇ?" ಎಂದರಂತೆ. ಇವರು ಉತ್ತರಿಸದೆ ಕುಳಿತರಂತೆ.

ಕುಂಞಿ ಮೋನು ಬಂದರು. ಪೇಪರನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಕೂತುಕೊಳ್ಳಿ ಎಂದರೆ ಕೂರಲಿಲ್ಲ.

"ಆ ಸುಂದರಿಯನ್ನು ಕರ್ಕೊಂಡು ಬಂದದ್ದು ನನ್ನ ಜೀಪಿನಲ್ಲಿ ಟೀಚರೇ. ನಾನೇ ಓಡ್ಸಿದ್ದು. ವಕೀಲರಿಗೆ ಗೊತ್ತುಂಟು."

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವರೂ ಹೇಳಲಿಲ್ಲ, ಇವರೂ ಹೇಳಲಿಲ್ಲ. ಸಾಮೂಹಿಕ ಹೊಣೆಯ ಬಗ್ಗೆ ಹೇಳಹೊರಟೆ. ಪಾಪ, ತಾಳ್ಮೆಯಿಂದ ಕೇಳಿದರು.

"ಅದೆಲ್ಲ ಇರ್ಲಿ. ಅವರು ಹೇಳ್ಬಾರ್ದಿತ್ತು" ಎಂದು ಹೇಳಿ, ಚಪ್ಪಲಿ ಹಾಕಿಕೊಂಡು ಹೋದರು.

7 ಫೆಬ್ರವರಿ

ಯಾರೂ ಬರಲಿಲ್ಲ.

14 ಮಾರ್ಚ್, ಭಾನುವಾರ

ಇವರು ಬಂದಿದ್ದರು. ಇಡೀ ದಿನ ಹಳೆಯ ಕೇಸುಗಳ ಕಟ್ಟು ಬಿಚ್ಚಿ ಓದುತ್ತ ಕೂತಿದ್ದರು. ಕಡಬದ ಕಡೆ ಒಂದು ಶಾಲೆಯ ಕಟ್ಟಡದ ಉದ್ಘಾಟನೆಗೆ ಕರೆ ಬಂದಿತ್ತು. ಹೋಗಿ ಬನ್ನಿ ಎಂದೆ. ಬೇರೆ ಯಾರನ್ನಾದರೂ ಕರೆಯಲಿ ಎಂದರು. ವಿಸ್ತರಣೆಯ ಬಗ್ಗೆ ಏನಾದರೂ ಗೊತ್ತಾಯಿತೇ ಎಂದು ಕೇಳಿದೆ. ನನ್ನ ಮುಖವನ್ನೇ ನೋಡಿದರು. ಯಾಕೆ ಕೇಳಿದೆನೋ.

21 ಏಪ್ರಿಲ್, ಬುಧವಾರ

ವಿಸ್ತರಣೆಯಲ್ಲ, ಪುನರ್ರಚನೆ. ಮುಖ್ಯಮಂತ್ರಿಗಳು ಎಲ್ಲ ಮಂತ್ರಿಗಳಿಂದಲೂ ರಾಜೀನಾಮೆ ಬರೆಸಿಕೊಂಡು ಹೊಸ ಪಟ್ಟಿ ಮಾಡಿದರು. ರೇಡಿಯೋದಲ್ಲಿ ಮೂರು ದರ್ಜೆಯ ಹೆಸರುಗಳನ್ನೂ ಕೊನೆಯ ತನಕ ಕೇಳಿದೆ. ಈ ಸಲ ಪಕ್ಕದಲ್ಲಿ ಯಾರೂ ಇರಲಿಲ್ಲ. ಇವರ ಹೆಸರು ಎಲ್ಲಿಯೂ ಬರಲಿಲ್ಲ.

ಫೆಬ್ರವರಿಯಲ್ಲಿ ಕೊಡಬೇಕಾಗಿದ್ದ ಕಾಗದವನ್ನು ಇವರು ಏಪ್ರಿಲಿನಲ್ಲಿ ಕೊಟ್ಟರು. ಎಲ್ಲರ ಜೊತೆ, ಕೇಳಿದ್ದಕ್ಕೆ. ಆಗ ಕೊಟ್ಟಿದ್ದರೆ ಊರಿನವರು ಹೆಗಲ ಮೇಲೆ ಹೊತ್ತು ತರುತ್ತಿದ್ದರು. ಈಗ ಯಾವ ಪೇಪರೂ ಕಾರಣ ಬರೆಯಲಿಲ್ಲ.

ಇದನ್ನು ಬರೆಯುವಾಗಲೇ ಒಂದು ನೆನಪಾಯಿತು. ಅಕ್ಕು ಆ ಮಂಗಳವಾರ ಬರಲಿಲ್ಲ. ಆಮೇಲೂ ಬರಲಿಲ್ಲ. ಬಂದಳೇ ಎಂದು ನಾನು ಯಾರನ್ನೂ ಕೇಳಲಿಲ್ಲ.

2 ಮೇ, ಭಾನುವಾರ

ಇವರು ಬಸ್ಸಿನಲ್ಲಿ ಬಂದರು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ನಿಲ್ದಾಣದಲ್ಲಿ ಇಳಿದದ್ದನ್ನು ನೋಡಿದ ಕಿಟ್ಟಣ್ಣ ಟ್ರಂಕು ಹೊತ್ತುಕೊಂಡು ಮನೆಯ ತನಕ ಬಂದರು. ಇಬ್ಬರೂ ಮಳೆಯ ವಿಷಯ ಮಾತಾಡುತ್ತ ಬಂದರು.

ಬೇಸಗೆ ರಜೆ ಮುಗಿದ ಕೂಡಲೇ ಕೋರ್ಟಿಗೆ ಹೋಗುತ್ತಾರಂತೆ.

6 ಜೂನ್, ಭಾನುವಾರ

ಕಡಬಕ್ಕೆ ಹೋಗಿ ಬಂದೆ. ಇವರಿಗೆ ಹೇಳದೆ ಹೋದೆ.

ಬಸ್ಸು ಇಳಿದು, ದೋಣಿಯಲ್ಲಿ ಹೊಳೆ ದಾಟಿ, ಗದ್ದೆಯ ಬದುವಿನಲ್ಲಿ ನಡೆದೆ. ಕಾರಿನಲ್ಲಿ ಓಡಾಡಿದ್ದು ಒಂದೇ ವರ್ಷ, ಅಷ್ಟಕ್ಕೇ ಕಾಲು ಸೋತಿತ್ತು. ಅಕ್ಕು ಅಂಗಳದಲ್ಲಿ ಸೌದೆ ಒಳಗೆ ಹಾಕುತ್ತಿದ್ದಳು. ನನ್ನನ್ನು ಕಂಡು ಕೈ ಒರೆಸಿಕೊಂಡು ಚಾಪೆ ತಂದು ಹಾಕಿದಳು. ಬೆಲ್ಲ, ನೀರು ಕೊಟ್ಟಳು. ನಾನು ಬೈಗುಳಕ್ಕೆ ತಯಾರಾಗಿ ಹೋದವಳು. ಬೈದಿದ್ದರೆ ಸುಲಭವಾಗುತ್ತಿತ್ತು.

"ಡಿಸೆಂಬರಿನಲ್ಲಿ ಬಂದಿದ್ದಿಯಲ್ಲ ಅಕ್ಕು. ಕಾಯಿಸಿ ಹಾಗೇ ಕಳಿಸಿಬಿಟ್ಟೆ. ತಪ್ಪಾಯ್ತು."

"ಮನೆ ತುಂಬ ಜನ ಇದ್ರಲ್ಲ ಟೀಚರಮ್ಮ. ಸೀರೆ ವಾಪಸು ಕೊಡುವ ಅಂತ ಬಂದದ್ದು, ನಿಮ್ಮ ಡ್ರೈವರಿನ ಕೈಯಲ್ಲಿ ಕೊಟ್ಟೆ. ಸಿಕ್ಕಿತಲ್ಲ?"

ಸಿಕ್ಕಿತ್ತು. ಒಗೆದು ಮಡಿಚಿದ ಸೀರೆ ಕಪಾಟಿನಲ್ಲಿ ಇದ್ದದ್ದನ್ನು ನೋಡಿದ್ದೆ. ಹೇಗೆ ಬಂತೆಂದು ಯೋಚಿಸಿರಲಿಲ್ಲ. ಕೇಳಲಿಕ್ಕಲ್ಲ, ಕೊಡಲಿಕ್ಕೆ ಬಂದವಳನ್ನು ನಾನು ಜಗಲಿಯಲ್ಲಿ ಕೂರಿಸಿದ್ದೆ.

ಉಳಿದ ಸೌದೆ ಒಳಗೆ ಹಾಕಿ ಬಂದು ಅವಳೇ ಮಾತು ತೆಗೆದಳು. ದನಿ ಏರಲಿಲ್ಲ.

"ಒಂದು ಕೇಳ್ತೇನೆ. ಆಸ್ಪತ್ರೆ ಕೊಡ್ಲಿಕ್ಕೆ ಆಗ್ಲಿಲ್ಲ, ಅದು ಗೊತ್ತಾಯ್ತು. ದೊಡ್ಡವರಿಗೆ ಅವರದ್ದೇ ಕಷ್ಟ ಉಂಟು. ಆದ್ರೆ 'ಈಗ ಆಗುದಿಲ್ಲ' ಅಂತ ಹೇಳ್ಬಹುದಿತ್ತಲ್ಲ? ಅಗತ್ಯ ಇಲ್ಲ ಅಂತ ಯಾಕೆ ಹೇಳಿದ್ದು? ನಮ್ಮ ಸುಂದರಿ ಸುಮ್ಮನೆ ಸತ್ತ ಹಾಗೆ ಆಯ್ತಲ್ಲ."

ಇಪ್ಪತ್ತು ವರ್ಷ ಮಕ್ಕಳಿಗೆ ಸರಕಾರ ಹೇಗೆ ನಡೆಯುತ್ತದೆಂದು ಹೇಳಿಕೊಟ್ಟವಳು ನಾನು. ಅವಳು ಕೇಳಿದ್ದಕ್ಕೆ ಯಾವ ಪಾಠದಲ್ಲಿಯೂ ಉತ್ತರವಿರಲಿಲ್ಲ.

ದೋಣಿಯ ತನಕ ಬಂದು ನನ್ನನ್ನು ಹತ್ತಿಸಿ ಹೋದಳು.

8 ಜೂನ್, ಮಂಗಳವಾರ

ನಿನ್ನೆಯಿಡೀ ಒದ್ದಾಡಿದೆ. ಇವತ್ತು ಸಂಜೆ ಇವರು ಕೋರ್ಟಿನಿಂದ ಬಂದು ಕಾಲು ತೊಳೆದು ಕೂತ ಮೇಲೆ ಎಲ್ಲ ಹೇಳಿದೆ. ಕಡಬಕ್ಕೆ ಹೋದದ್ದು, ಅಕ್ಕು ಕೇಳಿದ್ದು, ಡಿಸೆಂಬರಿನಲ್ಲಿ ನಾನು ಮಾಡಿದ್ದು. ಕೊನೆಗೆ ಹೇಳಲೇಬೇಕಾಗಿದ್ದ ಮಾತನ್ನೂ ಹೇಳಿದೆ.

"ಆ ದಿನ ನಾನು ತಡೆಯದಿದ್ರೆ ನೀವು ರಾಜೀನಾಮೆ ಕೊಟ್ಟು ಬರ್ತಿದ್ರಿ. ನಿಮ್ಮ ಹೆಸರು ಹಾಳು ಮಾಡಿದವಳು ನಾನು. ಕಡಬಕ್ಕೆ ಆಸ್ಪತ್ರೆ ಬೇಕು ಅಂತ ಅಲ್ಲ ನಾನು ಹೇಳಿದ್ದು. ನೀವು ಮಂತ್ರಿಯಾಗಿಯೇ ಇರ್ಬೇಕು ಅಂತ ಆಸೆ ಇತ್ತು ನನಗೆ."

ಇವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತರು.

"ಕೊಡುವವ ಆಗಿದ್ರೆ ನಾನು ಯಾರಿಗೂ ಫೋನು ಮಾಡ್ತಿರ್ಲಿಲ್ಲ ವಸುಮತೀ" ಎಂದರು. "ಮುಖ್ಯಮಂತ್ರಿಗಳ ಮನೆಗೆ ಹೋಗಿ ಅವರ ಕೈಯಲ್ಲೇ ಕೊಡಬಹುದಿತ್ತು. ನೀನು ಬೇಡ ಅಂತ ಹೇಳ್ತಿ ಅಂತ ನನಗೆ ಗೊತ್ತಿತ್ತು. ಅದಕ್ಕೇ ನಿನ್ನನ್ನು ಕೇಳಿದ್ದು."

ಹೇಳಿ ಎದ್ದು ಒಳಗೆ ಹೋದರು.

ನನ್ನ ಮನಸ್ಸು ಹಗುರಾಗಲೆಂದು ಹಾಗೆ ಹೇಳಿದರೋ, ಇದ್ದದ್ದನ್ನೇ ಹೇಳಿದರೋ ತಿಳಿಯುತ್ತಿಲ್ಲ. ಹಿಂದಿನಿಂದ ಹೋಗಿ ಕೇಳೋಣವೆಂದು ಎದ್ದೆ. ಬಾಗಿಲ ತನಕ ಹೋದವಳು ಮರಳಿ ಬಂದು ಕೂತೆ. ಎರಡರಲ್ಲಿ ಯಾವುದನ್ನು ಕೇಳಿಸಿಕೊಳ್ಳುವ ಧೈರ್ಯವೂ ನನಗಿಲ್ಲ.